ಮರದ ಅಕ್ಷರಗಳ ಪೆಟ್ಟಿಗೆ: ಕೆತ್ತನೆ ಚೆನ್ನ, ಬಣ್ಣದೊಂದಿಗೆ ನನ್ನ ಜಗಳ

ಮೊಮ್ಮಗಳಿಗೆಂದು ತರಿಸಿದ ಪೆಟ್ಟಿಗೆಯಿದು. ಮರದ 49 ಕನ್ನಡ ಅಕ್ಷರಗಳು, ಪ್ರತಿಯೊಂದರ ಬೆನ್ನಿಗೂ ಅಯಸ್ಕಾಂತ, ಬೆಲೆ 650 ರೂಪಾಯಿ. ಕೆತ್ತನೆಗೆ ಪೂರ್ತಿ ಅಂಕ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಸಂಸಾರ ನಡೆಸಿದವನು ನಾನು, ತಲೆಕಟ್ಟು ಸೊಟ್ಟಗಿದ್ದರೆ ಬೆರಳಿಗೇ ತಿಳಿಯುತ್ತದೆ. ಇಲ್ಲಿ ದ, ಧ, ಥ ಮೂರನ್ನೂ ಮಗು ಕಣ್ಣು ಮುಚ್ಚಿ ಸವರಿಯೇ ಬೇರೆ ಮಾಡಬಹುದು. ಅಂಚುಗಳು ನುಣುಪಾಗಿವೆ. ಫ್ರಿಜ್ ಬಾಗಿಲು ಎಷ್ಟು ಬಡಿದರೂ ಅಕ್ಷರ ಉದುರುವುದಿಲ್ಲ.

ಬಣ್ಣಕ್ಕೆ ಬರೋಣ. ಕೆಂಪು, ಹಳದಿ, ಹಸಿರು, ನೀಲಿ, ಮತ್ತೆ ಕೆಂಪು ಎಂದು ವರ್ಣಮಾಲೆಯುದ್ದಕ್ಕೂ ಸರದಿಯಲ್ಲಿ ಬಳಿದುಕೊಂಡು ಹೋಗಿದ್ದಾರೆ. ಹೆಚ್ಚಿನವರಿಗೆ ಇದರಲ್ಲಿ ತೊಂದರೆಯಿಲ್ಲ. ನನಗಿದೆ. ನನ್ನ ಮಟ್ಟಿಗೆ ‘ಅ’ ಸುಣ್ಣದ ಬಿಳಿ, ‘ಕ’ ಇಟ್ಟಿಗೆ ಕೆಂಪು, ‘ಮ’ ಕಡು ಹಸಿರು. ಚಿಕ್ಕಂದಿನಿಂದಲೂ ಹೀಗೆಯೇ. ಕಾಗದದ ಮೇಲೆ ಕಪ್ಪಾಗಿಯೇ ಕಾಣುವ ಅಕ್ಷರಕ್ಕೆ ಮನಸ್ಸಿನೊಳಗೆ ಅದರದೇ ಬಣ್ಣವಿರುತ್ತದೆ. ಇದಕ್ಕೆ ಸಿನೆಸ್ತೇಷಿಯಾ ಎನ್ನುತ್ತಾರೆಂದು ತಿಳಿದದ್ದು ಮುದುಕನಾದ ಮೇಲೆ. ಕಾಯಿಲೆಯಲ್ಲ. ಕೆಲವರಿಗೆ ವಾರಗಳಿಗೆ ಬಣ್ಣವಿರುತ್ತದೆ, ಕೆಲವರಿಗೆ ರಾಗಗಳಿಗೆ, ಅಪರೂಪಕ್ಕೆ ಕೆಲವರಿಗೆ ಮಾತು ಕೇಳಿದರೆ ನಾಲಗೆಯ ಮೇಲೆ ರುಚಿ. ಸೀಸದ ಮೊಳೆಗಳೆಲ್ಲ ಒಂದೇ ಬೂದು ಬಣ್ಣದವು, ಆದ್ದರಿಂದ ಅಲ್ಲಿ ನನಗೆ ಅಡ್ಡಿಯೇ ಇರಲಿಲ್ಲ. ಬದಲಿಗೆ ಲಾಭವಿತ್ತು: ಕರಡಿನಲ್ಲಿ ಒಂದು ಅಕ್ಷರ ತಪ್ಪಿ ಬಿದ್ದರೂ ಪದದ ಬಣ್ಣ ಕೆಡುತ್ತಿತ್ತು, ಕಣ್ಣು ಅಲ್ಲಿಯೇ ನಿಲ್ಲುತ್ತಿತ್ತು.

ಈ ಪೆಟ್ಟಿಗೆಯಲ್ಲಿ ‘ಮ’ ನೀಲಿ. ‘ಮರ ಬರಿ ತಾತ’ ಎಂದು ಅವಳು ಹೇಳಿದರೆ ನನ್ನ ಕೈ ಹಸಿರು ‘ಲ’ದ ಕಡೆಗೆ ಹೋಗುತ್ತದೆ. ನನ್ನಂಥವರಿಗೆ ಅಕ್ಷರವನ್ನು ಬೇರೆ ಬಣ್ಣದಲ್ಲಿ ಅಚ್ಚು ಮಾಡಿ ತೋರಿಸಿ, ಆ ಬಣ್ಣದ ಹೆಸರು ಹೇಳಿ ಎಂದರೆ ತಡವರಿಸುತ್ತಾರೆಂದು ಪ್ರಯೋಗಗಳಲ್ಲಿಯೂ ಕಂಡಿದೆ. ಹೇಗೋ ‘ರ’ ಮಾತ್ರ ಸರಿಯಾಗಿ ಹಳದಿಯಾಗಿದೆ. ಬಣ್ಣ ಬಳಿದವರ ಪುಣ್ಯ.

ಮುದುಕನ ಗೊಣಗಾಟವೆಂದು ತಳ್ಳಿಹಾಕುವ ಮೊದಲು ಇದನ್ನು ಕೇಳಿ. ಅಮೆರಿಕದಲ್ಲಿ ನೇಥನ್ ವಿಟ್‌ಹಾಫ್ಟ್ ಮತ್ತು ಜೊನಾಥನ್ ವಿನವರ್ ಎಂಬ ವಿಜ್ಞಾನಿಗಳು 2013ರಲ್ಲಿ 11 ಮಂದಿಯ ಬಗ್ಗೆ ಬರೆದರು. ಆ ಎಲ್ಲರ ಮನಸ್ಸಿನ ಅಕ್ಷರಬಣ್ಣಗಳು ಫಿಶರ್-ಪ್ರೈಸ್ ಕಂಪನಿಯ ಹಳೆಯ ಅಯಸ್ಕಾಂತದ ಅಕ್ಷರಗಳನ್ನೇ ಹೋಲುತ್ತಿದ್ದವು. ಆಟಿಕೆ ಸಿನೆಸ್ತೇಷಿಯಾವನ್ನು ಹುಟ್ಟಿಸುತ್ತದೆ ಎಂದಲ್ಲ. ಆ ಗುಣವಿರುವ ಮಗುವಿಗೆ ಯಾವ ಅಕ್ಷರಕ್ಕೆ ಯಾವ ಬಣ್ಣ ಎಂಬುದನ್ನು ಆಟಿಕೆಯೇ ಗೊತ್ತು ಮಾಡಿಬಿಡಬಹುದು. ಇದು ಮನೆತನದಲ್ಲಿ ಹರಿದುಬರುವುದೂ ಉಂಟು. ಮೊನ್ನೆ ನಮ್ಮ ಹುಡುಗಿ ‘ಸೋಮವಾರ ನೇರಳೆ’ ಎಂದಳು. ಅವಳ ತಾಯಿ ನಕ್ಕಳು, ನಾನು ನಗಲಿಲ್ಲ. ನಾಳೆ ಇವಳಿಗೆ ‘ಮ’ ನೀಲಿಯೆಂದೇ ಕೂತುಬಿಟ್ಟರೆ ಹಾನಿಯೇನೂ ಇಲ್ಲ, ಒಪ್ಪುತ್ತೇನೆ. ಆದರೂ ಸರದಿಯ ಲೆಕ್ಕದಲ್ಲಿ ಬಳಿದ ನಾಲ್ಕು ಡಬ್ಬಿ ಬಣ್ಣ ಒಂದು ಜೀವಮಾನ ಜೊತೆಗಿರುವುದು ನನಗೆ ಹಿಡಿಸದು.

ಇನ್ನೊಂದು ದೊಡ್ಡ ಕೊರತೆ: ಒತ್ತಕ್ಷರಗಳಿಲ್ಲ, ಕಾಗುಣಿತದ ಚಿಹ್ನೆಗಳಿಲ್ಲ. ‘ಮರ’, ‘ಕಮಲ’ ಮುಗಿದ ಮೇಲೆ ಮಗು ‘ಅಮ್ಮ’ ಬರೆಯಲು ಹೊರಟಿತು. ಮಕ್ಕಳ ಅಕ್ಷರದ ಪೆಟ್ಟಿಗೆಯಲ್ಲಿ ‘ಅಮ್ಮ’ ಬರೆಯಲಾಗದಿದ್ದರೆ ಹೇಗೆ ಸ್ವಾಮಿ?

ಐದಕ್ಕೆ ಮೂರು ನಕ್ಷತ್ರ. ಬಣ್ಣ ಬಳಿಯದ ಬರಿಯ ಮರದ ಅಕ್ಷರಗಳನ್ನು ಮಾರಿದರೆ ಇನ್ನೊಂದು ಪೆಟ್ಟಿಗೆ ಕೊಳ್ಳುತ್ತೇನೆ. ಒತ್ತಕ್ಷರಗಳನ್ನೂ ಸೇರಿಸಿದರೆ ಇನ್ನೂರು ರೂಪಾಯಿ ಹೆಚ್ಚು ಕೊಡಲೂ ಸಿದ್ಧ.