ಪರೇಲಿನ ಟಾಟಾ ಮೆಮೋರಿಯಲ್: ಕಾಕಾನ ಜೊತೆ ಹೋಗಿ ಬಂದ ಮೇಲೆ

ಬಾಯಿ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನಮ್ಮ ಗದಗ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: "ಮುಂಬೈಗೆ ಟಾಟಾಕ್ಕ ಹೋಗ್ರಿ." ಹೇಳುವವರಲ್ಲಿ ಅರ್ಧ ಜನ ಆ ಆಸ್ಪತ್ರೆಯನ್ನು ನೋಡಿರುವುದಿಲ್ಲ. ನಾನು ಕಾಕಾನನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಹೊರಟವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಕಾಕಾನಿಗೆ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿತ್ತು. ಎಲೆ ಅಡಿಕೆ ಜೊತೆ ತಂಬಾಕು ಹಾಕುವುದು ಹರೆಯದಿಂದಲೂ ಇದ್ದ ಚಟ. ಊರಲ್ಲಿ ಒಬ್ಬರು ಹಲ್ಲು ತಾಗಿ ಆಗಿದೆ ಎಂದು ಮುಲಾಮು ಕೊಟ್ಟರು. ಮಾಯಲಿಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದೆವು, ಕ್ಯಾನ್ಸರ್ ಎಂದು ಬಂತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಪೋರ್ಟಿನ ಕಾಗದವನ್ನಷ್ಟೇ ಒಯ್ದರೆ ಸಾಲದು. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಆ ಚೂರನ್ನು ಇಟ್ಟಿರುವ ಗಾಜಿನ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆದುಕೊಳ್ಳಿ. ಟಾಟಾದವರು ಅವನ್ನು ತಮ್ಮ ಪೆಥಾಲಜಿಯಲ್ಲಿ ಮತ್ತೊಮ್ಮೆ ನೋಡುತ್ತಾರೆ. ನಮ್ಮ ಹಿಂದೆ ನಿಂತಿದ್ದ ನಾಂದೇಡದ ಕುಟುಂಬವೊಂದು ಬರೀ ಕಾಗದ ತಂದಿತ್ತು. ಬ್ಲಾಕಿಗಾಗಿ ಮಗ ಅವತ್ತೇ ಊರಿಗೆ ವಾಪಸ್ ಓಡಿದ.

ಹೆಸರು ನೋಡಿ ಇದು ಟಾಟಾ ಕಂಪನಿಯ ಆಸ್ಪತ್ರೆ ಎಂದುಕೊಳ್ಳುವವರೇ ಜಾಸ್ತಿ. ಶುರು ಮಾಡಿದ್ದು ಟಾಟಾ ಟ್ರಸ್ಟ್ ಹೌದು. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆ ಹಿನ್ನೆಲೆಯಲ್ಲಿ ಹುಟ್ಟಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. 1957ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. 1962ರಿಂದ ಅದು ಪರಮಾಣು ಶಕ್ತಿ ಇಲಾಖೆಯ ಕೈಯಲ್ಲಿದೆ. ಕ್ಯಾನ್ಸರ್ ಆಸ್ಪತ್ರೆಗೂ ಅಣುಶಕ್ತಿಗೂ ಏನು ಸಂಬಂಧ ಅಂದರೆ, ರೇಡಿಯೇಷನ್, ಅಂದರೆ ವಿಕಿರಣ ಕೊಟ್ಟು ಮಾಡುವ ಚಿಕಿತ್ಸೆ.

ಒಂದೇ ಕಟ್ಟಡವಲ್ಲ. ಹಳೆಯ ಮೇನ್ ಬಿಲ್ಡಿಂಗ್, ಗೋಲ್ಡನ್ ಜುಬಿಲಿ ಬ್ಲಾಕ್, ಹೋಮಿ ಭಾಭಾ ಬ್ಲಾಕ್ ಹೀಗೆ ಹಲವು. ಮೊದಲು ರಿಜಿಸ್ಟ್ರೇಷನ್ ಆಗಬೇಕು. ಜನರಲ್ಲಾ, ಪ್ರೈವೇಟಾ ಎಂದು ಕೇಳುತ್ತಾರೆ. ನಾವು ಜನರಲ್ ಎಂದೆವು. ಫೈಲ್ ನಂಬರ್ ಸಿಗುತ್ತದೆ, ಸ್ಮಾರ್ಟ್ ಕಾರ್ಡ್ ಸಿಗುತ್ತದೆ. ಕಾರ್ಡಿಗೆ ದುಡ್ಡು ತುಂಬಿದರೆ ಟೆಸ್ಟು, ಸ್ಕ್ಯಾನು ಎಲ್ಲ ಅದರಲ್ಲೇ ಕಳೆಯುತ್ತಾ ಹೋಗುತ್ತದೆ. ಜನವೋ ಜನ. ಬಿಹಾರ, ಬಂಗಾಳ, ಅಸ್ಸಾಮಿನಿಂದಲೂ ಬಂದಿರುತ್ತಾರೆ. ಬೆಳಗ್ಗೆ ಹೋಗಿ ಮಧ್ಯಾಹ್ನ ಬೇರೆ ಕೆಲಸ ಮುಗಿಸೋಣ ಎಂಬ ಲೆಕ್ಕಾಚಾರ ಬೇಡ.

ಮೊದಲು ಕಾಕಾನನ್ನು ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, ಕಲಿಯುತ್ತಿರುವವರು. ಬಾಯಿ ತೆರೆಸಿ, ನಾಲಿಗೆ ಒತ್ತಿ, ಕುತ್ತಿಗೆಯನ್ನೆಲ್ಲ ಬೆರಳಿನಿಂದ ತಡವಿ, ಚಿತ್ರ ಬಿಡಿಸಿ ಫೈಲಿಗೆ ಹಾಕಿದರು. ಆಮೇಲೆ ಇನ್ನೊಬ್ಬರು. ಆಮೇಲೆ ದೊಡ್ಡ ಡಾಕ್ಟರ್ ಬಂದು, ಚಿಕ್ಕವರನ್ನೇ ಪ್ರಶ್ನೆ ಮಾಡುತ್ತಾ ಮತ್ತೆ ನೋಡಿದರು. ಹೇಳಿದ್ದನ್ನೇ ಹೇಳಿ ಕಾಕಾನಿಗೆ ಸಾಕಾಗಿತ್ತು. "ಎಷ್ಟ್ ಮಂದಿಗೆ ಬಾಯಿ ತೋರಸ್ಬೇಕೋ?" ಎಂದ. ನನಗೆ ಇದು ಇಷ್ಟವಾಯಿತು. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ದೊಡ್ಡವರಿಗೂ ತಮ್ಮ ತೀರ್ಮಾನಕ್ಕೆ ಕಾರಣ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ, ಎದುರಿಗೆ ಕಲಿಯುವವರು ಕೂತಿರುತ್ತಾರಲ್ಲ. ಆ ಕಾರಣ ನಮ್ಮ ಕಿವಿಗೂ ಬಿತ್ತು.

ಕಾರಣ ಬೇಕಾಗಿದ್ದೂ ನಿಜ. ನಾಲಿಗೆಯ ಗಡ್ಡೆಯ ಜೊತೆಗೆ ಕುತ್ತಿಗೆಯ ಗಂಟುಗಳನ್ನೂ (ಎಲ್ಲರಿಗೂ ಇರುವ ಸಣ್ಣ ದುಗ್ಧ ಗ್ರಂಥಿಗಳು, ಬಾಯಿಯ ರೋಗ ಹರಡುವ ಜಾಗ) ತೆಗೆಯುತ್ತೇವೆ ಎಂದರು. ಕಾಕಾ ಅಲ್ಲೇ ಗುರ್ ಅಂದ. "ಕುತ್ತಿಗಿ ಯಾಕ ಕೊಯ್ಯಬೇಕು? ಅಲ್ಲೇನೂ ಇಲ್ಲಂತ ಸ್ಕ್ಯಾನಿನಾಗ ಬಂದೈತಲ್ಲ?" ನಾನು ಹಿಂದಿಯಲ್ಲಿ ಕೇಳಿದೆ. ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ. ಮೊದಲು ಡಾಕ್ಟರುಗಳಿಗೂ ಇದೇ ಅನುಮಾನ ಇತ್ತು, ಕಾದು ನೋಡಿ ಗಂಟು ಕಂಡರೆ ಆಗ ತೆಗೆದರಾಯಿತು ಎನ್ನುವವರೂ ಇದ್ದರು, ಉತ್ತರ ಸಿಕ್ಕಿದ್ದು ಇದೇ ಆಸ್ಪತ್ರೆಯ ರೋಗಿಗಳಿಂದ ಎಂದರು.

ಊರಿಗೆ ಬಂದ ಮೇಲೆ ಹುಡುಕಿ ಓದಿದೆ. 2004ರಿಂದ 2014ರವರೆಗೆ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. ಬಾಯಿ ಕ್ಯಾನ್ಸರಿನ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಊದಿದ ಗಂಟು ಕಾಣದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಕುತ್ತಿಗೆಯ ಆಪರೇಷನ್. ಇನ್ನೊಂದಕ್ಕೆ ರೋಗ ಅಲ್ಲಿಗೆ ಹರಡಿದ್ದು ಗೊತ್ತಾದರೆ ಮಾತ್ರ. 2015ರಲ್ಲಿ 500 ಜನರ ಲೆಕ್ಕ ಹೊರಬಂತು. ಮೂರು ವರ್ಷಕ್ಕೆ ಮೊದಲ ಗುಂಪಿನಲ್ಲಿ ಬದುಕುಳಿದವರು ನೂರಕ್ಕೆ 80. ಎರಡನೆಯದರಲ್ಲಿ 67.5. ಕಾಕಾನ ಕುತ್ತಿಗೆಯಿಂದ ತೆಗೆದ ಗಂಟುಗಳಲ್ಲೂ ಒಂದೆರಡರಲ್ಲಿ ರೋಗ ಇತ್ತು. ಕೈಗೂ ಸಿಕ್ಕಿರಲಿಲ್ಲ, ಸ್ಕ್ಯಾನಿಗೂ ಕಂಡಿರಲಿಲ್ಲ.

ಚಿಕಿತ್ಸೆ, ಸಂಶೋಧನೆ, ಶಿಕ್ಷಣ ಎಂದು ಬೋರ್ಡಿನಲ್ಲಿ ಬರೆಯುವ ಆಸ್ಪತ್ರೆಗಳು ಬೇಕಾದಷ್ಟಿವೆ. ಹಿಂದಿನ ರೋಗಿಗಳಿಂದ ಕಲಿತದ್ದು ನಮ್ಮ ಮನೆಯವನ ಕುತ್ತಿಗೆಯವರೆಗೆ ಬಂದು ಮುಟ್ಟಿದ್ದನ್ನು ನಾನು ಇಲ್ಲಿ ನೋಡಿದೆ.

ಹಾಗಂತ ಸಂಶೋಧನೆ ಎಂದ ಕೂಡಲೇ ತಲೆಯಾಡಿಸಬೇಕಿಲ್ಲ. ಕಾಕಾನಿಗೂ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರು, ಕಾಗದ ಓದಿ ಹೇಳಿದರು. ಅವನು ಒಲ್ಲೆ ಎಂದ. ಅಷ್ಟಕ್ಕೇ ಬಿಟ್ಟರು, ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗಲಿಲ್ಲ. ಜನರ ಅಂಜಿಕೆಗೂ ಕಾರಣ ಇದೆ ಅನ್ನಿ. ಮುಂಬೈ ಸ್ಲಮ್‌ಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಟಾಟಾದವರು ಮಾಡಿದ ಗರ್ಭಕಂಠದ ಕ್ಯಾನ್ಸರ್ ಅಧ್ಯಯನ ಪ್ರಸಿದ್ಧ. ವಿನೆಗರ್ ಹಚ್ಚಿ ನೋಡುವ ಅಗ್ಗದ ಪರೀಕ್ಷೆಯಿಂದ ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತು. ಆದರೆ ಹೋಲಿಕೆಗೆ ಇಟ್ಟುಕೊಂಡ ಗುಂಪಿನ ಹೆಂಗಸರಿಗೆ ಆ ಪರೀಕ್ಷೆ ಯಾಕೆ ಮಾಡಲಿಲ್ಲ ಎಂಬ ಟೀಕೆಯೂ ಜೋರಾಗಿಯೇ ಬಂತು. ನನಗೂ ಆ ಪ್ರಶ್ನೆ ಸರಿ ಅನ್ನಿಸುತ್ತದೆ. ಸಹಿ ಹಾಕುವ ಮುಂಚೆ ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ.

ಆಪರೇಷನ್ ಆದ ಮೇಲೆ ಮಾತು, ನುಂಗುವುದು ಕಲಿಸುವವರು ಬೇರೆಯೇ ಇದ್ದಾರೆ. ನಾಲಿಗೆ ಹೊರಳಿಸುವ ವ್ಯಾಯಾಮ ಹೇಳಿಕೊಟ್ಟರು. ಕಾಕಾನಿಗೆ "ಳ" ಇನ್ನೂ ಸರಿಯಾಗಿ ಬರುವುದಿಲ್ಲ. ಬೈಯುವುದಕ್ಕೆ ಏನೂ ತೊಂದರೆ ಇಲ್ಲ.

ರೇಡಿಯೇಷನ್ ಬೇಕು ಎಂದಾಗ ನಾನು ಹೆದರಿದೆ. ವಾರಕ್ಕೆ ಐದು ದಿನದಂತೆ ಆರು ವಾರ ಮುಂಬೈಯಲ್ಲಿ ಇರುವುದೆಂದರೆ ಸುಮ್ನೆ ಮಾತಾ? ಅವರೇ "ಹುಬ್ಬಳ್ಳಿಯಲ್ಲೇ ಮಾಡಿಸಿಕೊಳ್ಳಿ" ಎಂದು ಬರೆದುಕೊಟ್ಟರು. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟದ ಉದ್ದೇಶವೂ ಇದೇ. ದೇಶದ ಎಲ್ಲ ಕಡೆ ಒಂದೇ ಮಟ್ಟದ ಚಿಕಿತ್ಸೆ ಸಿಗಬೇಕು, ಎಲ್ಲರೂ ಪರೇಲಿಗೆ ಓಡಿ ಬರುವಂತೆ ಆಗಬಾರದು. ಆದ್ದರಿಂದ ನನ್ನ ಸಲಹೆ: ಗೊಂದಲ ಇದ್ದರೆ, ಆಪರೇಷನ್ ದೊಡ್ಡದಿದ್ದರೆ ಟಾಟಾಕ್ಕೆ ಹೋಗಿ. ಉಳಿದದ್ದಕ್ಕೆ ಹತ್ತಿರದ ಒಳ್ಳೆ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಇವನ್ನೂ ವಿಚಾರಿಸಿ.

ಉಳಿಯುವುದೇ ಅಲ್ಲಿ ದೊಡ್ಡ ತಲೆನೋವು. ಪರೇಲಿನ ಲಾಡ್ಜುಗಳ ಬಾಡಿಗೆ ನಮ್ಮಂಥವರಿಗೆ ಆಗುವುದಿಲ್ಲ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ರೋಗಿಗಳಿಗೆ ಜಾಗ ಕೊಡುತ್ತವೆ, ಆದರೆ ಖಾಲಿ ಇರಬೇಕಲ್ಲ. ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಮೊದಲ ದಿನವೇ ಹೋಗಿ ಕೇಳಿ, ದುಡ್ಡಿನ ನೆರವಿನ ದಾರಿಯನ್ನೂ ಅವರೇ ಹೇಳುತ್ತಾರೆ. ರೈಲಿನ ರಿಯಾಯಿತಿ ಫಾರ್ಮ್ ಮರೆಯಬೇಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಕಡಿತ. ಸಹಿ, ಸೀಲು ಎರಡೂ ಬಿದ್ದಿದೆಯಾ ಎಂದು ನೋಡಿಕೊಂಡೇ ಟಿಕೆಟ್ ಕೌಂಟರಿಗೆ ಹೋಗಿ.