‘ವರ್ಷದ ಕಾರು’ ಪ್ರಶಸ್ತಿಗೇ ಮಾರ್ಕ್ಸ್ ಹಾಕಿದರೆ

250, 250, 247, 235, 210, 192, 116. ಇದು 2019ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಪ್ರಕಟವಾದ ಯುರೋಪಿನ ‘ವರ್ಷದ ಕಾರು’ ಪ್ರಶಸ್ತಿಯ ಅಂಕಪಟ್ಟಿ. ಮೊದಲ ಸ್ಥಾನದಲ್ಲಿ ಜಾಗ್ವಾರ್ ಐ-ಪೇಸ್, ಆಲ್ಪೀನ್ ಎ110 ಸಮಸಮ. ಬರೀ ಮೂರು ಅಂಕ ಹಿಂದೆ ಕಿಯಾ ಸೀಡ್. ಕೂಡಿಸಿ ನೋಡಿ, ಸರಿಯಾಗಿ 1,500 ಬರುತ್ತದೆ: 60 ತೀರ್ಪುಗಾರರು, ತಲೆಗೆ 25 ಅಂಕ. ಅಂದರೆ ಗೆದ್ದ ಕಾರಿಗೆ ದಕ್ಕಿದ್ದು ಒಟ್ಟು ಅಂಕದಲ್ಲಿ ಆರನೇ ಒಂದು ಪಾಲು. ಟೈ ಮುರಿದದ್ದು ಹೇಗೆಂದರೆ, ಐ-ಪೇಸನ್ನು ಮೊದಲ ಆಯ್ಕೆ ಮಾಡಿದವರು 18 ಜನ, ಆಲ್ಪೀನನ್ನು ಮಾಡಿದವರು 16. ಇಬ್ಬರು ಮನಸ್ಸು ಬದಲಿಸಿದ್ದರೆ ಬ್ಯಾಟರಿ ಎಸ್‌ಯುವಿ ಬದಲು ಎರಡು ಸೀಟಿನ ಸ್ಪೋರ್ಟ್ಸ್ ಕಾರು ‘ವರ್ಷದ ಕಾರು’ ಆಗಿರುತ್ತಿತ್ತು.

ಇಷ್ಟೆಲ್ಲ ನಮಗೆ ಗೊತ್ತಾಗುವುದೇ ಈ ಪ್ರಶಸ್ತಿಯ ಹೆಚ್ಚುಗಾರಿಕೆ. 1964ರಲ್ಲಿ ರೋವರ್ 2000ಕ್ಕೆ ಕೊಟ್ಟು ಶುರುವಾದ ಇದರಲ್ಲಿ ಯಾವ ತೀರ್ಪುಗಾರ ಯಾವ ಕಾರಿಗೆ ಎಷ್ಟು ಹಾಕಿದ, ಯಾಕೆ ಹಾಕಿದ ಅನ್ನುವುದು ಹೆಸರು ಸಮೇತ ಹೊರಗೆ ಬರುತ್ತದೆ. ನಿಯಮವೂ ಸರಳ: ಅಂತಿಮ ಸುತ್ತಿನ ಏಳು ಕಾರುಗಳಲ್ಲಿ ಕನಿಷ್ಠ ಐದಕ್ಕೆ 25 ಅಂಕ ಹಂಚಬೇಕು, ಒಂದಕ್ಕೆ ಹತ್ತಕ್ಕಿಂತ ಹೆಚ್ಚು ಹಾಕುವಂತಿಲ್ಲ, ಮೊದಲ ಸ್ಥಾನ ಇಬ್ಬರಿಗೆ ಹಂಚುವಂತಿಲ್ಲ. ಲೆಕ್ಕದ ಪಾರದರ್ಶಕತೆಗೆ ಹತ್ತಕ್ಕೆ ಒಂಬತ್ತು ಕೊಡಬಹುದು.

ಆದರೆ ಈ ನಿಯಮದ ಹೊಟ್ಟೆಯೊಳಗೇ ಒಂದು ಒಲವು ಅಡಗಿದೆ. ಐದು ಕಾರು ಅಂದುಕೊಳ್ಳಿ: ಅ, ಆ, ಇ, ಈ, ಉ. ಮೂವತ್ತು ಜನ ಕ್ರಮವಾಗಿ 10, 6, 4, 3, 2 ಹಾಕುತ್ತಾರೆ. ಉಳಿದ ಮೂವತ್ತು ಜನ 1, 6, 7, 6, 5 ಹಾಕುತ್ತಾರೆ. ಒಟ್ಟು: ‘ಅ’ಗೆ 330, ‘ಆ’ಗೆ 360, ‘ಇ’ಗೆ 330, ‘ಈ’ಗೆ 270, ‘ಉ’ಗೆ 210. ಗೆದ್ದದ್ದು ‘ಆ’. ಅರವತ್ತು ಜನರಲ್ಲಿ ಒಬ್ಬನೂ ಅದನ್ನು ತನ್ನ ಮೊದಲ ಆಯ್ಕೆ ಮಾಡಿಲ್ಲ! ಯಾರಿಗೂ ಬೇಡವೆನಿಸದ ಕಾರು, ಅರ್ಧ ಜನರಿಗೆ ಹುಚ್ಚು ಹಿಡಿಸಿದ ಕಾರನ್ನು ಸೋಲಿಸುತ್ತದೆ. ಮನೆಮಂದಿಗೆಲ್ಲ ಒಂದೇ ಕಾರು ಕೊಳ್ಳುವವರಿಗೆ ಇದು ಒಳ್ಳೆಯದೇ. ವಾರಕ್ಕೊಮ್ಮೆ ಶಿರಾಡಿ ಘಾಟಿ ಹತ್ತಿಳಿಯುವವರಿಗೋ, ಏಳು ಜನರನ್ನು ಕೂರಿಸಬೇಕಾದವರಿಗೋ ‘ಎಲ್ಲರ ಎರಡನೇ ಆಯ್ಕೆ’ಯಿಂದ ಏನು ಪ್ರಯೋಜನ?

ಎಣಿಕೆಯಲ್ಲೇ ಮೋಸವಾದರೆ? ಅದೂ ಆಗಿದೆ, ಅದೂ ಜರ್ಮನಿಯಲ್ಲಿ. ಸುಮಾರು ಒಂದು ಕೋಟಿ ತೊಂಬತ್ತು ಲಕ್ಷ ಸದಸ್ಯರಿದ್ದ ಎಡಿಎಸಿ ಎಂಬ ವಾಹನ ಸವಾರರ ಸಂಘ ಪ್ರತಿವರ್ಷ ‘ಹಳದಿ ದೇವದೂತ’ ಎಂಬ ಪ್ರಶಸ್ತಿ ಕೊಡುತ್ತಿತ್ತು. ಅದರಲ್ಲಿ ‘ಜರ್ಮನರ ಮೆಚ್ಚಿನ ಕಾರು’ ಎಂಬ ವಿಭಾಗ ಓದುಗರ ಮತದಿಂದ ನಿರ್ಧಾರವಾಗುವಂಥದ್ದು. 2014ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 34,299 ಮತ ಬಂತೆಂದು ತೋರಿಸಿದ್ದರು. ನಿಜವಾಗಿ ಬಂದದ್ದು 3,409. ಪತ್ರಿಕೆಯೊಂದು ಬಯಲಿಗೆಳೆದಾಗ ಸಂಘದವರು ಮೊದಲು ರೇಗಿದರು, ಆಮೇಲೆ ಸಂಪರ್ಕ ವಿಭಾಗದ ಮುಖ್ಯಸ್ಥ ಒಪ್ಪಿಕೊಂಡು ಹುದ್ದೆ ಬಿಟ್ಟ, ಫೆಬ್ರವರಿಯಲ್ಲಿ ಅಧ್ಯಕ್ಷರೂ ರಾಜೀನಾಮೆ ಕೊಟ್ಟರು. ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯೂ, ಡೈಮ್ಲರ್ ಕಂಪನಿಗಳು ಗೆದ್ದ ಫಲಕಗಳನ್ನು ವಾಪಸ್ ಮಾಡಿದವು. ಇಲ್ಲಿ ಗಮನಿಸಬೇಕಾದ್ದು ಒಂದೇ: ತೀರ್ಪುಗಾರರ ಹೆಸರಿದ್ದ ಕಡೆ ಅಲ್ಲ, ‘ಸಾರ್ವಜನಿಕರ ಮತ’ ಎಂದ ಕಡೆ ಸಂಖ್ಯೆ ಹತ್ತುಪಟ್ಟಾಯಿತು. ಮೊಬೈಲ್‌ನಲ್ಲಿ ವೋಟು ಹಾಕಿ ಎಂದು ಕೇಳುವ ಪ್ರಶಸ್ತಿಗಳನ್ನು ಕಂಡರೆ ಇದು ನೆನಪಿರಲಿ.

ತೀರ್ಪುಗಾರರೇ ಏಮಾರುವುದೂ ಉಂಟು. ಅಮೆರಿಕದ ಗ್ರೀನ್ ಕಾರ್ ಜರ್ನಲ್ ತನ್ನ 2009ರ ಪ್ರಶಸ್ತಿಯನ್ನು ಫೋಕ್ಸ್‌ವ್ಯಾಗನ್ ಜೆಟ್ಟಾ ಡೀಸೆಲ್‌ಗೆ, 2010ರದ್ದನ್ನು ಔಡಿ ಎ3 ಡೀಸೆಲ್‌ಗೆ ಕೊಟ್ಟಿತ್ತು. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಮಾತ್ರ ಶುದ್ಧವಾಗಿ ಉಸಿರಾಡುವಂತೆ ಈ ಕಾರುಗಳಲ್ಲಿ ಹಾಕಿದ್ದ ಸಾಫ್ಟ್‌ವೇರ್ 2015ರಲ್ಲಿ ಸಿಕ್ಕಿಬಿದ್ದ ಮೇಲೆ ಎರಡನ್ನೂ ಹಿಂತೆಗೆದುಕೊಂಡಿತು.

ಇವೆಲ್ಲಕ್ಕಿಂತ ದೊಡ್ಡ ದೋಷ ಇರುವುದು ಕ್ಯಾಲೆಂಡರಿನಲ್ಲಿ. ಪ್ರಶಸ್ತಿ ಆ ವರ್ಷ ಬಿಡುಗಡೆಯಾದ ಕಾರಿಗೆ, ಅದೂ ಆ ವರ್ಷ ಮುಗಿಯುವಷ್ಟರಲ್ಲೋ ಮುಗಿದ ಕೆಲವೇ ತಿಂಗಳಲ್ಲೋ. ತೀರ್ಪುಗಾರರ ಕೈಗೆ ಬರುವುದು ಕಂಪನಿಯೇ ಕಳಿಸಿದ, ಸಾಮಾನ್ಯವಾಗಿ ಟಾಪ್ ಎಂಡ್ ಮಾಡೆಲ್. ಓಡಿಸುವುದು ಕೆಲವು ದಿನ. 1968ರಲ್ಲಿ ಯುರೋಪಿನ ಪ್ರಶಸ್ತಿ ಎನ್‌ಎಸ್‌ಯು ಆರ್‌ಒ80ಕ್ಕೆ ಬಂತು. ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್, ಕಾಲಕ್ಕಿಂತ ಮುಂದಿದ್ದ ವಿನ್ಯಾಸ. ಆದರೆ ರೋಟರಿನ ತುದಿಗಳಲ್ಲಿದ್ದ ಸೀಲು ಬೇಗ ಸವೆದು ಎಂಜಿನ್‌ಗಳು ಸಾಲಾಗಿ ಕೆಟ್ಟವು. ವಾರಂಟಿಯ ಖರ್ಚು ಕಂಪನಿಯನ್ನೇ ಹಿಂಡಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಬಿತ್ತು. ಅಮೆರಿಕದ ಮೋಟರ್ ಟ್ರೆಂಡ್ 1971ರಲ್ಲಿ ಆರಿಸಿದ್ದು ಷೆವರ್ಲೆ ವೇಗಾ. ಅಲ್ಯೂಮಿನಿಯಂ ಬ್ಲಾಕಿಗೆ ಕಬ್ಬಿಣದ ಲೈನರ್ ಹಾಕಿರಲಿಲ್ಲ. ಒಮ್ಮೆ ಅತಿಯಾಗಿ ಬಿಸಿಯಾದರೆ ಸಿಲಿಂಡರಿನ ಗೋಡೆ ಗೀಚಿ ಎಂಜಿನ್ ಆಯಿಲ್ ಕುಡಿಯತೊಡಗುತ್ತಿತ್ತು. ಮೇಲೆ ತುಕ್ಕಿನ ಕಾಟ ಬೇರೆ. ಮೂರು ದಿನ ಓಡಿಸಿದವರಿಗೆ ಇವೆಲ್ಲ ಹೇಗೆ ತಿಳಿಯಬೇಕು?

ಇವತ್ತಿಗೂ ಇದೇ ಕಥೆ, ಭಾಗಗಳ ಹೆಸರು ಮಾತ್ರ ಬೇರೆ. ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳಬೇಕಾದರೆ ಹೆದ್ದಾರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಎಡೆಬಿಡದ ಓಟ ಬೇಕು. ಜಯನಗರದಿಂದ ಮೆಜೆಸ್ಟಿಕ್‌ಗೆ ದಿನಾ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಡ್ರೈ ಕ್ಲಚ್ಚಿನ ಡಿಸಿಟಿ, ಅಂದರೆ ಎರಡು ಕ್ಲಚ್ಚಿರುವ ಆಟೊಮ್ಯಾಟಿಕ್ ಗೇರ್‌ಬಾಕ್ಸು, ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ ಬಿಸಿಯೇರುತ್ತದೆ. ಪತ್ರಕರ್ತರಿಗೆ ಕಾರು ಓಡಿಸಲು ಕೊಡುವ ಮೀಡಿಯಾ ಡ್ರೈವ್ ನಡೆಯುವುದು ಚೊಕ್ಕ ರಸ್ತೆಯಲ್ಲಿ. ಬಾಳಿಕೆಯ ವಿಷಯದಲ್ಲಿ ಈ ಪ್ರಶಸ್ತಿಗಳಿಗೆ ಹತ್ತಕ್ಕೆ ಎರಡು ಕೊಟ್ಟರೂ ಧಾರಾಳವೇ.

ಈಗ ನಮ್ಮ ಐಕಾಟಿ, ಅಂದರೆ ಇಂಡಿಯನ್ ಕಾರ್ ಆಫ್ ದಿ ಇಯರ್. 2006ರಲ್ಲಿ ಮೊದಲು ಗೆದ್ದದ್ದು ಮಾರುತಿ ಸ್ವಿಫ್ಟ್. ಬೆಲೆ, ಮೈಲೇಜ್, ವಿನ್ಯಾಸ, ಸುರಕ್ಷತೆ, ಕೊಟ್ಟ ದುಡ್ಡಿಗೆ ಸಿಗುವ ಮೌಲ್ಯ, ಭಾರತದ ರಸ್ತೆಗೆ ಹೊಂದುವಿಕೆ ಎಲ್ಲವನ್ನೂ ನೋಡುತ್ತೇವೆ ಎನ್ನುತ್ತಾರೆ. ಸುರಕ್ಷತೆಯನ್ನೇ ಹಿಡಿಯೋಣ. 2008ರಲ್ಲಿ ಹ್ಯುಂಡೈ ಐ10, 2010ರಲ್ಲಿ ಟಾಟಾ ನ್ಯಾನೊ, 2011ರಲ್ಲಿ ಫೋರ್ಡ್ ಫಿಗೊ ಗೆದ್ದವು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ನಮ್ಮ ಕಾರುಗಳನ್ನು ಮೊದಲ ಬಾರಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಈ ಮೂರಕ್ಕೂ ಐದು ಸ್ಟಾರಿಗೆ ಸೊನ್ನೆ. 2012ರ ವಿಜೇತ ಸ್ವಿಫ್ಟ್‌ಗೂ ಅದೇ ನವೆಂಬರಿನಲ್ಲಿ ಸೊನ್ನೆಯೇ.

ಆಗ ನಮ್ಮಲ್ಲಿ ಸಾರ್ವಜನಿಕ ಕ್ರ್ಯಾಶ್ ಟೆಸ್ಟ್ ಇರಲಿಲ್ಲ, ಪಾಪ ತೀರ್ಪುಗಾರರು ಏನು ಮಾಡಿಯಾರು ಎನ್ನಬಹುದು. ಒಪ್ಪೋಣ. ಆದರೆ ಹೊಸ ಸ್ವಿಫ್ಟ್‌ಗೆ ಎರಡು ಸ್ಟಾರ್ ಬಂದದ್ದು 2018ರ ಅಕ್ಟೋಬರಿನಲ್ಲಿ. ಏರ್‌ಬ್ಯಾಗ್ ಎರಡಿದ್ದರೂ ಬಾಡಿ ಗಟ್ಟಿಯಿಲ್ಲ ಎಂದು ವರದಿಯಲ್ಲೇ ಇತ್ತು. ಅದಾದ ಮೇಲೂ 2019ರ ಐಕಾಟಿ ಅದಕ್ಕೇ ಹೋಯಿತು. 2022ರಲ್ಲಿ ಮೂರು ಸ್ಟಾರ್ ಪಡೆದ ಕಿಯಾ ಕ್ಯಾರೆನ್ಸ್ 2023ರಲ್ಲಿ ಗೆದ್ದಿತು. ಐದು ಸ್ಟಾರಿನ ಎಕ್ಸ್‌ಯುವಿ700 (2022), ಥಾರ್ ರಾಕ್ಸ್ (2025) ಗೆದ್ದದ್ದೂ ನಿಜ. ಒಟ್ಟಿನಲ್ಲಿ ಸುರಕ್ಷತೆ ಪಟ್ಟಿಯಲ್ಲಿದೆ, ಆದರೆ ಪಾಸಾಗಲೇಬೇಕಾದ ವಿಷಯವಾಗಿಲ್ಲ. ಇಂತಿಷ್ಟು ಸ್ಟಾರ್ ಇಲ್ಲದ ಕಾರಿಗೆ ಅಂತಿಮ ಸುತ್ತಿಗೆ ಪ್ರವೇಶವಿಲ್ಲ ಎಂದು ಒಂದು ಸಾಲಿನ ನಿಯಮ ತಂದರೆ ಈ ತಕರಾರು ಮುಗಿಯುತ್ತದೆ.

2014ರಿಂದ 2016ರವರೆಗೆ ಸತತ ಮೂರು ವರ್ಷ ಹ್ಯುಂಡೈಗೇ ಬಂತಲ್ಲ, ಗ್ರ್ಯಾಂಡ್ ಐ10, ಎಲೀಟ್ ಐ20, ಕ್ರೆಟಾ, ಇದು ಪಕ್ಷಪಾತವೇ ಎಂದು ಕೇಳುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ಪ್ರತಿವರ್ಷ ಸಾಮಾನ್ಯರ ಬೆಲೆಗೆ ಹೊಸ ಕಾರು ಬಿಡುವವರ ಕೈಯಲ್ಲಿ ಲಾಟರಿ ಟಿಕೆಟ್ ಹೆಚ್ಚು. ಐದು ವರ್ಷಕ್ಕೊಂದು ಮಾಡೆಲ್ ತರುವ ಕಂಪನಿ ಎಷ್ಟೇ ಚೆನ್ನಾಗಿ ಮಾಡಿದರೂ ನಾಲ್ಕು ವರ್ಷ ಅಂಗಳದ ಹೊರಗೇ. ಪ್ರಾಯೋಜಕರು ಜೆಕೆ ಟೈರ್, ಕಾರು ಕಂಪನಿಗಳಿಗೆ ಟೈರು ಮಾರುವವರು. ತೀರ್ಪುಗಾರರ ಪತ್ರಿಕೆಗಳಿಗೆ ಜಾಹೀರಾತು ಕೊಡುವವರೂ ಅದೇ ಕಾರು ಕಂಪನಿಗಳು. ಇದರಿಂದ ಯಾವ ಮತವೂ ತಿರುಗಿತೆಂದು ಹೇಳಲು ಆಧಾರವಿಲ್ಲ. ಆದರೂ ಕಣ್ಣಿಗೆ ಚೆಂದ ಕಾಣುವ ಏರ್ಪಾಡಲ್ಲ.

ಹಾಗಾದರೆ ಗೆದ್ದ ಕಾರಿಗೆ ಅಂಟಿಸುವ ‘ವರ್ಷದ ಕಾರು’ ಸ್ಟಿಕ್ಕರನ್ನು ಹೇಗೆ ಓದಬೇಕು? ಮೊದಲು, ಯಾರು ಕೊಟ್ಟದ್ದು, ಯಾವ ವರ್ಷದ್ದು ನೋಡಿ. ಒಂದೇ ವರ್ಷ ನಾಲ್ಕು ಸಂಸ್ಥೆಗಳು ನಾಲ್ಕು ‘ವರ್ಷದ ಕಾರು’ ಆರಿಸುತ್ತವೆ. ಕೆಳಗಿನ ಸಣ್ಣ ಅಕ್ಷರದಲ್ಲಿ ‘ಓದುಗರ ಆಯ್ಕೆ’ ಎಂದೋ ‘ಆ ಸೆಗ್ಮೆಂಟಿನಲ್ಲಿ’ ಎಂದೋ ಇದ್ದರೆ ಅದರ ತೂಕ ಬೇರೆ. ಪ್ರಶಸ್ತಿ ಬರುವುದು ಮಾಡೆಲ್ಲಿನ ಹೆಸರಿಗೆ, ನೀವು ಕೊಳ್ಳುವುದು ಅದರ ಒಂದು ವೇರಿಯಂಟನ್ನು. 2014ರ ಟೆಸ್ಟಿನಲ್ಲೇ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ ನಾಲ್ಕು ಸ್ಟಾರ್ ಬಂದಿತ್ತು. ಸ್ಟಾರ್ ನೋಡುವಾಗ ಟೆಸ್ಟಿನ ತಾರೀಖನ್ನೂ ನೋಡಿ. 2022ರ ನಡುವಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾಯಿತು, 2023ರ ಅಕ್ಟೋಬರಿನಿಂದ ನಮ್ಮದೇ ಕ್ರ್ಯಾಶ್ ಟೆಸ್ಟ್ ಆದ ಭಾರತ್ ಎನ್‌ಕ್ಯಾಪ್ ಬಂದಿದೆ. ಹಳೆಯ ನಾಲ್ಕು ಸ್ಟಾರೂ ಹೊಸ ನಾಲ್ಕು ಸ್ಟಾರೂ ಒಂದೇ ಅಲ್ಲ. ಕಾರು ಬಂದು ಹನ್ನೆರಡು ತಿಂಗಳಾದ ಮೇಲೆ ವಾಹನ ತಯಾರಕರ ಸಂಘವಾದ ಸಿಯಾಮ್‌ನ ರೀಕಾಲ್ ಪಟ್ಟಿಯಲ್ಲಿ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಸಿದ ಕಾರುಗಳ ಪಟ್ಟಿ) ಅದರ ಹೆಸರು ಹುಡುಕಿ.

‘ಕೊಟ್ಟ ದುಡ್ಡಿಗೆ ಮೌಲ್ಯ’ ಎಂಬ ಅಂಕ ಲೆಕ್ಕವಾಗುವುದು ಶೋರೂಂ ಬೆಲೆಯ ಮೇಲೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತು ದಾಟಿ ಇಪ್ಪತ್ತರವರೆಗೆ ಶೇ 17. 9.90 ಲಕ್ಷದ ಕಾರಿಗೆ ತೆರಿಗೆ 1,38,600 ರೂಪಾಯಿ, 10.10 ಲಕ್ಷದ್ದಕ್ಕೆ 1,71,700, ಸೆಸ್ ಬೇರೆ. ಬೆಲೆಯಲ್ಲಿ ಇಪ್ಪತ್ತು ಸಾವಿರದ ವ್ಯತ್ಯಾಸ, ತೆರಿಗೆಯಲ್ಲೇ ಮೂವತ್ಮೂರು ಸಾವಿರದ್ದು. ಸನ್‌ರೂಫ್ ಬಿಟ್ಟು ಒಂದು ವೇರಿಯಂಟ್ ಕೆಳಗಿಳಿದರೆ ಉಳಿಯುವ ಈ ದುಡ್ಡಿಗೆ ಯಾವ ತೀರ್ಪುಗಾರನ ಹಾಳೆಯಲ್ಲೂ ಕಾಲಂ ಇರುವುದಿಲ್ಲ.