ಪಿಐಡಿ-5 ಕಿರುರೂಪ: 12 ಮತ್ತು 13ನೇ ವಾಕ್ಯಗಳ ಹತ್ತಿರ ಎಚ್ಚರ

ಕಾಲೇಜು ಹುಡುಗರ ಸ್ವಭಾವದ ತೊಡಕುಗಳನ್ನು ಅಳೆಯಲು ಹೊರಟವರ ಕೈಗೆ ಬೇಗ ಸಿಗುವುದು ಪಿಐಡಿ-5. ಅಮೆರಿಕದ ಮನೋವೈದ್ಯರ ಸಂಘದ ಕಾಯಿಲೆ ಕೈಪಿಡಿಯಾದ 2013ರ ಡಿಎಸ್‌ಎಂ-5 ಜೊತೆಗಿನ ಈ ಪ್ರಶ್ನಾವಳಿಯ ಪೂರ್ಣರೂಪದಲ್ಲಿ 220 ವಾಕ್ಯಗಳಿವೆ; ಅರ್ಧ ದಾಟುವಷ್ಟರಲ್ಲಿ ಓದದೆಯೇ ಟಿಕ್ ಬೀಳತೊಡಗುತ್ತದೆ. ಕಿರುರೂಪದಲ್ಲಿ 25 ಮಾತ್ರ. ಸಂಶೋಧಕರಿಗೆ ಉಚಿತ.

ಕಳವಳದ ಭಾವ, ಜನರಿಂದ ದೂರ ಸರಿಯುವುದು, ವೈರಭಾವ, ಹಿಡಿತವಿಲ್ಲದ ನಡೆ, ವಿಲಕ್ಷಣ ಅನುಭವ: ಐದು ವಲಯ, ಒಂದೊಂದಕ್ಕೆ ಐದು ವಾಕ್ಯ. ಉತ್ತರ 0ರಿಂದ (ಹೊಂದುವುದೇ ಇಲ್ಲ) 3ರವರೆಗೆ (ತುಂಬಾ ಹೊಂದುತ್ತದೆ). ವಲಯದ ಮೊತ್ತವನ್ನು ಐದರಿಂದ ಭಾಗಿಸಿದರೆ ಸರಾಸರಿ. ಒಂದೇ ವಲಯದಲ್ಲಿ ಎರಡು ಖಾಲಿ ಬಿಟ್ಟಿದ್ದರೆ ಆ ವಲಯವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಂತಿಷ್ಟು ಅಂಕ ದಾಟಿದರೆ ಕಾಯಿಲೆ ಎಂಬ ಗೆರೆಯೂ ಇದರಲ್ಲಿಲ್ಲ. ಅಂಥ ಗೆರೆಯನ್ನು ತಾವೇ ಎಳೆಯುವವರ ಕೈಗೆ ಇದನ್ನು ಕೊಡದಿರುವುದೇ ಒಳ್ಳೆಯದು.

ಕನ್ನಡಕ್ಕೆ ತರುವಾಗ 0ಗೆ ‘ತೀರಾ ಸುಳ್ಳು’ ಎಂದು ಬರೆದರೆ ಕೆಟ್ಟಿತು. ಓದಿದವರಿಗೆ ಯಾರೋ ಸುಳ್ಳು ಹೇಳಿದಂತೆ ಕೇಳಿಸುತ್ತದೆ. ‘ನನಗೆ ಸ್ವಲ್ಪವೂ ಹೊಂದುವುದಿಲ್ಲ’ ಎಂದಿರಲಿ.

13ನೇ ವಾಕ್ಯ ಪ್ರೇಮದ ಗೊಡವೆಗೆ ಹೋಗುವುದಿಲ್ಲ ಎಂಬ ಅರ್ಥದ್ದು. ಶಿರಸಿಯಲ್ಲಿ ಓದಿ, ಐದರ ಬಸ್ಸಿಗೆ ಸಿದ್ದಾಪುರದ ಕಡೆಯ ಮನೆ ಸೇರಬೇಕಾದ ಹುಡುಗಿ ಇದಕ್ಕೆ 3 ಹಾಕಿದರೆ ಅದು ಜನರಿಂದ ದೂರ ಸರಿಯುವ ಗುಣವಲ್ಲ, ಮನೆಯ ಕಟ್ಟುಪಾಡು. 12ನೆಯದು ಇನ್ನೂ ಮೋಸದ್ದು: ಇಲ್ಲದ್ದು ಕಣ್ಣಿಗೆ ಕಂಡದ್ದಿದೆಯೇ? ಚೌಡಿ, ಭೂತದ ಮಾತು ದಿನಬಳಕೆಯಲ್ಲಿರುವ ಊರಿನಲ್ಲಿ, ಕಂಡದ್ದು ನಿಜವೆಂದೇ ನಂಬಿದವನು 0 ಹಾಕುತ್ತಾನೆ. ಅದೇ ಕಂಡು ಭ್ರಮೆ ಎಂದುಕೊಂಡವನು 2 ಹಾಕುತ್ತಾನೆ.

ಪೂರ್ಣರೂಪದಲ್ಲಿ ಉಲ್ಟಾ ಅಂಕ ಕೊಡಬೇಕಾದ (3 ಹಾಕಿದರೆ 0 ಎಂದು ಎಣಿಸುವ) 16 ವಾಕ್ಯಗಳಿವೆ, ಕಿರುರೂಪದಲ್ಲಿ ಒಂದೂ ಇಲ್ಲ. ಎಲ್ಲಕ್ಕೂ ಹೌದೆನ್ನುವವನು ಐದೂ ವಲಯಗಳಲ್ಲಿ ಏರಿ ಕೂರುತ್ತಾನೆ.

ಕಾರವಾರದ ಸರಾಸರಿಯನ್ನು ಅಮೆರಿಕದ ಸರಾಸರಿಯ ಪಕ್ಕ ಇಡುವ ಮೊದಲು ಮೂರು ಹಂತದ ಪರೀಕ್ಷೆ ಬೇಕು: ವಲಯಗಳ ರಚನೆ ಒಂದೇ ಇದೆಯೇ, ವಾಕ್ಯಗಳ ತೂಕ ಒಂದೇ ಇದೆಯೇ, ಆರಂಭದ ಮಟ್ಟ (ಗುಣ ಸಮವಿದ್ದವರು ಒಂದು ವಾಕ್ಯಕ್ಕೆ ಹಾಕುವ ಅಂಕ) ಒಂದೇ ಇದೆಯೇ. ಒಂದು ಹಂತದಿಂದ ಮುಂದಿನದಕ್ಕೆ ಸಿಎಫ್‌ಐ (ಮಾದರಿಯು ಬಂದ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) 0.01ಕ್ಕಿಂತ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಿ. ಇಲ್ಲದಿದ್ದರೆ ಕೊಳಗದ ಭತ್ತಕ್ಕೂ ಕಿಲೋ ಭತ್ತಕ್ಕೂ ಹೋಲಿಕೆ ಮಾಡಿದಂತೆ.

ಒಂದೇ ಕಾಲೇಜಿನೊಳಗೆ, ಒಂದೇ ಭಾಷೆಯಲ್ಲಿ ಬಳಸುವುದಾದರೆ ಕಿರುರೂಪ ಧಾರಾಳ ಸಾಕು. ರೋಲ್ ನಂಬರ್ ಬರೆಸಬೇಡಿ, ಬರೆಸಿದರೆ ವೈರಭಾವದ ವಾಕ್ಯಗಳಿಗೆಲ್ಲ ಸೊನ್ನೆಯೇ ಬರುತ್ತದೆ. ಮನೆಮಾತಿಗೆ ಮಾತ್ರ ಒಂದು ಕಾಲಂ ಇರಲಿ: ಕೊಂಕಣಿ, ಹವಿಗನ್ನಡ, ನವಾಯತಿ.